ಕಯಾಕ್ ಏರುವ ಮುನ್ನ ಪಂಚಾಂಗ ನೋಡಿ

ಕಯಾಕಿಂಗ್ ಕಲಿಯಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ದೋಣಿಯ ಮಾತಲ್ಲ. ಗೋಡೆಯ ಮೇಲಿನ ಪಂಚಾಂಗ ನೋಡಿ, ಇವತ್ತು ಯಾವ ತಿಥಿ ಅಂತ ಹೇಳಿ ಎನ್ನುತ್ತೇನೆ. ಕೇಳಿದವರಿಗೆ ಅಚ್ಚರಿಯಾಗುತ್ತದೆ. ಆದರೆ ಕುಂದಾಪುರದಲ್ಲೋ ಹೊನ್ನಾವರದಲ್ಲೋ ಅಳಿವೆಯ ದಂಡೆಯಲ್ಲಿ ಬೆಳೆದವರಿಗೆ ಇದರಲ್ಲಿ ವಿಶೇಷವೇನಿಲ್ಲ. ಅಲ್ಲಿ ಬಲೆ ಬೀಸುವವರು, ಚಿಪ್ಪಿ ಹೆಕ್ಕುವವರು, ಮರಳಿನ ದಿಬ್ಬ ದಾಟಿ ಆಚೆ ದಡಕ್ಕೆ ಹೋಗುವವರು ಎಲ್ಲರೂ ದಿನವನ್ನು ಅಳೆಯುವುದು ಭರತ ಮತ್ತು ಇಳಿತದಿಂದ. ಭರತ ಇಳಿತದ ಬೆನ್ನಿಗಿರುವುದು ಚಂದ್ರ. ಚಂದ್ರನ ಲೆಕ್ಕ ಪಂಚಾಂಗದಲ್ಲಿದೆ.

ಕರ್ನಾಟಕದ ಕರಾವಳಿಯಲ್ಲಿ ಸಮುದ್ರ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಒಂದು ಭರತದಿಂದ ಮುಂದಿನ ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇಂದು ಬೆಳಿಗ್ಗೆ ಎಂಟಕ್ಕೆ ತುಂಬಿ ನಿಂತ ನದಿ ನಾಳೆ ತುಂಬುವುದು ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ. ಪಂಚಾಂಗದ ಲೆಕ್ಕಕ್ಕೆ ತಂದರೆ ತಿಥಿಗೆ ಎರಡು ಗಳಿಗೆ ತಡ. ಹದಿನೈದು ತಿಥಿ ಕಳೆಯುವಷ್ಟರಲ್ಲಿ ಈ ತಡವೆಲ್ಲ ಕೂಡಿ ಹನ್ನೆರಡು ಗಂಟೆಯಾಗಿ, ಭರತ ಮತ್ತೆ ಹೆಚ್ಚುಕಡಿಮೆ ಮೊದಲಿನ ಹೊತ್ತಿಗೇ ಬಂದು ನಿಲ್ಲುತ್ತದೆ. ನಿಮ್ಮ ಅಳಿವೆಯಲ್ಲಿ ಹುಣ್ಣಿಮೆಯ ದಿನ ಎಷ್ಟು ಗಂಟೆಗೆ ನೀರು ತುಂಬುತ್ತದೆಂದು ಒಮ್ಮೆ ತಿಳಿದುಕೊಂಡರೆ ಸಾಕು, ಉಳಿದ ದಿನಗಳ ಅಂದಾಜನ್ನು ಬೆರಳು ಮಡಚಿ ಎಣಿಸಬಹುದು. ನಿಖರ ಹೊತ್ತು ಬೇಕಾದರೆ ಉಬ್ಬರವಿಳಿತದ ಕೋಷ್ಟಕಗಳಿವೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಅಲೆ ಮತ್ತು ಗಾಳಿಯ ಮುನ್ಸೂಚನೆಯನ್ನೂ ಕೊಡುತ್ತದೆ. ಆದರೂ ತಿಥಿಯಿಂದ ಲೆಕ್ಕ ಹಾಕುವ ಅಭ್ಯಾಸ ಬೆಳೆಸಿಕೊಂಡವರಿಗೆ ನೀರಿನ ನಡೆ ಮನಸ್ಸಿನಲ್ಲೇ ಕೂರುತ್ತದೆ. ಮೊಬೈಲ್ ಒದ್ದೆಯಾದರೂ ಆ ಲೆಕ್ಕ ಕೈಬಿಡುವುದಿಲ್ಲ.

ಹುಣ್ಣಿಮೆ, ಅಮಾವಾಸ್ಯೆ ಕಳೆದ ಒಂದೆರಡು ದಿನಗಳಲ್ಲಿ ಏರಿಳಿತ ಅತಿ ಹೆಚ್ಚು, ಸೆಳೆತವೂ ಹೆಚ್ಚು. ಅಷ್ಟಮಿ ದಾಟಿದ ಮೇಲಿನ ಒಂದೆರಡು ದಿನ ನೀರು ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ. ಹೊಸಬರು ಕಲಿಯಬೇಕಾದದ್ದು ಆ ದಿನಗಳಲ್ಲಿ. ಇನ್ನೊಂದು ಸಂಗತಿ: ಏರುವ ಆರು ಗಂಟೆಯೂ ನೀರು ಒಂದೇ ವೇಗದಲ್ಲಿ ಬರುವುದಿಲ್ಲ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯದರಲ್ಲಿ ಮೂರು ಮೂರು, ಆಮೇಲೆ ಎರಡು, ಕೊನೆಗೆ ಒಂದು. ನಾವಿಕರು ಬಹುಕಾಲದಿಂದ ನೆಚ್ಚಿಕೊಂಡು ಬಂದ ಸ್ಥೂಲ ಲೆಕ್ಕ ಇದು. ಅಂದರೆ ನಡುವಿನ ಎರಡು ಗಂಟೆಗಳಲ್ಲೇ ಅರ್ಧ ನೀರು ಹಾದುಹೋಗುತ್ತದೆ. ಹೊಸಬ ಕಯಾಕಿಗ ಗಂಟೆಗೆ ನಾಲ್ಕೈದು ಕಿಲೋಮೀಟರ್ ಹೋದರೆ ಹೆಚ್ಚು. ದೊಡ್ಡ ಇಳಿತದ ನಡು ಹೊತ್ತಿನಲ್ಲಿ ಇಕ್ಕಟ್ಟಾದ ಅಳಿವೆ ಬಾಗಿಲಿನಲ್ಲಿ ನೀರು ಅದಕ್ಕಿಂತ ಜೋರಾಗಿ ಓಡಬಲ್ಲದು. ಅಲ್ಲಿ ತೋಳ್ಬಲದ ಮಾತು ನಡೆಯುವುದಿಲ್ಲ.

ಇಷ್ಟು ಹೇಳಿದ್ದು ಹೆದರಿಸುವುದಕ್ಕಲ್ಲ. ನಮ್ಮ ಕರಾವಳಿ ಹೊಸಬರ ಮಟ್ಟಿಗೆ ದಯಾಳು. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ನೀರು ಹತ್ತು ಮೀಟರಿನಷ್ಟು ಏರಿಳಿದರೆ, ನಮ್ಮಲ್ಲಿ ದೊಡ್ಡ ಭರತದಲ್ಲೂ ಅದು ಎರಡು ಮೀಟರಿನ ಆಸುಪಾಸು. ಸಹ್ಯಾದ್ರಿಯಿಂದ ದುಮುಕಿ ಬಂದ ನದಿಗಳು ಕೊನೆಯ ಹತ್ತಿಪ್ಪತ್ತು ಕಿಲೋಮೀಟರಿನಲ್ಲಿ ಅಗಲವಾಗಿ, ಆಳ ಕಡಿಮೆಯಾಗಿ, ಕುದುರುಗಳೆಂಬ ನಡುಗಡ್ಡೆಗಳನ್ನು ಬಳಸಿಕೊಂಡು ಸುಮ್ಮನೆ ಹರಿಯುತ್ತವೆ. ಕಾಳಿ, ಅಘನಾಶಿನಿ, ಶರಾವತಿ, ಸೀತಾ, ಸ್ವರ್ಣಾ, ಶಾಂಭವಿ, ನೇತ್ರಾವತಿ ಎಂದು ಇಷ್ಟು ಹತ್ತಿರ ಹತ್ತಿರ ಇಷ್ಟೊಂದು ಅಳಿವೆಗಳಿರುವುದು ಕಯಾಕ್ ಹವ್ಯಾಸಿಗಳಿಗೆ ಭಾಗ್ಯವೇ ಸರಿ. ಆ ಭಾಗ್ಯವನ್ನು ನಾವು ಈಗಷ್ಟೇ ಗುರುತಿಸುತ್ತಿದ್ದೇವೆ. ಸಾಲಿಗ್ರಾಮದ ಪಾರಂಪಳ್ಳಿ ಬಳಿ ಸೀತಾ ನದಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಊರಿನ ಯುವಕರೇ ಕಯಾಕ್ ನಡೆಸುತ್ತಾರೆ. ಮೂಲ್ಕಿಯಲ್ಲಿ ಸರ್ಫಿಂಗ್ ಜೊತೆಗೆ ಶಾಂಭವಿಯಲ್ಲಿ ಕಯಾಕಿಂಗೂ ಇದೆ. ಹೊನ್ನಾವರದ ಶರಾವತಿ ಹಿನ್ನೀರಿನಲ್ಲೂ ಬಣ್ಣ ಬಣ್ಣದ ಕಯಾಕ್‌ಗಳು ಕಾಣಸಿಗುತ್ತವೆ.

ಪ್ರವಾಸಕ್ಕೆ ಬಂದವರು ಒಂದು ಗಂಟೆ ಹುಟ್ಟು ಹಾಕಿ, ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಅದರಲ್ಲಿ ತಪ್ಪಿಲ್ಲ, ಅದು ಒಳ್ಳೆಯ ಮೊದಲ ಹೆಜ್ಜೆ. ಅಲ್ಲಿಗೇ ನಿಂತರೆ ಮಾತ್ರ ಕಯಾಕ್ ಒಂದು ಸವಾರಿಯಾಗಿಯೇ ಉಳಿಯುತ್ತದೆ. ಹವ್ಯಾಸವಾಗುವುದು ಯಾವಾಗ ಅಂದರೆ, ಅದೇ ನೀರಿಗೆ ಬೇರೆ ಬೇರೆ ತಿಥಿಯಲ್ಲಿ, ಬೇರೆ ಬೇರೆ ಋತುವಿನಲ್ಲಿ ಹೋಗಿ, ನಿನ್ನೆ ದೋಣಿ ಸಾಗಿದ ಜಾಗದಲ್ಲಿ ಇವತ್ತು ಕೆಸರು ಏಕೆ ಎಂದು ಕೇಳಿಕೊಳ್ಳತೊಡಗಿದಾಗ. ಕಯಾಕ್ ಕಲಿಯುವುದೆಂದರೆ ನೀರನ್ನು ಕಲಿಯುವುದು. ದೋಣಿ ನಡೆಸುವ ಕಸುಬು ಕೆಲವು ವಾರಗಳಲ್ಲಿ ಬರುತ್ತದೆ, ನೀರು ವರ್ಷಗಟ್ಟಲೆ ಕಲಿಸುತ್ತಲೇ ಇರುತ್ತದೆ.

ಕಯಾಕ್‌ನಲ್ಲಿ ಕಾಲು ಮುಂದೆ ಚಾಚಿ ಕುಳಿತು ಎರಡೂ ತುದಿಗೆ ಅಲಗಿರುವ ಹುಟ್ಟನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕುತ್ತೇವೆ. ಅದರ ಸೋದರ ದೋಣಿಯಾದ ಕೆನೋದಲ್ಲಿ ಮಂಡಿಯೂರಿಯೋ ಎತ್ತರದ ಹಲಗೆಯ ಮೇಲೆ ಕುಳಿತೋ ಒಂದೇ ಅಲಗಿನ ಹುಟ್ಟು ಹಾಕುತ್ತೇವೆ. ಎರಡರಲ್ಲೂ ಹುಟ್ಟು ದೋಣಿಗೆ ಕಟ್ಟಿರುವುದಿಲ್ಲ, ಮುಖ ಹೋಗುವ ದಿಕ್ಕಿಗೇ ಇರುತ್ತದೆ. ಈ ಅರ್ಥದಲ್ಲಿ ನಮ್ಮ ಮೀನುಗಾರರ ಪಾತಿ ದೋಣಿಯೂ ಕೆನೋದ ಬಳಗಕ್ಕೇ ಸೇರಿದ್ದು. ಒಬ್ಬನೇ ಕೂತು, ಒಂದೇ ಹುಟ್ಟಿನಲ್ಲಿ ದೋಣಿಯನ್ನು ನೇರವಾಗಿ ಓಡಿಸುತ್ತ, ನಡುವೆ ಬಲೆಯನ್ನೂ ಬಿಡುವ ಮೀನುಗಾರ ಯಾವ ಕ್ರೀಡಾ ತರಬೇತಿಯಲ್ಲೂ ಸುಲಭಕ್ಕೆ ಸಿಗದ ಕುಶಲಿ. ನನಗೆ ಅವರ ಮೇಲಿರುವ ಗೌರವ ದೊಡ್ಡದು. ಹೊಸಬರು ಅವರ ಕೈ ನೋಡಿಯೇ ಅರ್ಧ ಕಲಿಯಬಹುದು.

ಕಯಾಕ್ ಹುಟ್ಟಿದ್ದು ಮಂಜಿನ ಸಮುದ್ರದಲ್ಲಿ, ಬೇಟೆಗಾಗಿ. ಗ್ರೀನ್‌ಲ್ಯಾಂಡ್ ಮತ್ತು ಉತ್ತರ ಅಮೆರಿಕದ ಇನುಯಿಟ್ ಜನ, ಅಲ್ಯೂಷನ್ ದ್ವೀಪಗಳವರು ತೇಲಿಬಂದ ಮರದ ತುಂಡುಗಳಿಂದಲೋ ಎಲುಬಿನಿಂದಲೋ ಚೌಕಟ್ಟು ಕಟ್ಟಿ, ಅದಕ್ಕೆ ಸೀಲ್ ಮುಂತಾದ ಪ್ರಾಣಿಗಳ ತೊಗಲು ಹೊಲಿಯುತ್ತಿದ್ದರು. ಅಳತೆ ಅವರವರ ಮೈಯದೇ: ಉದ್ದ ಸುಮಾರು ಮೂರು ಮಾರು, ಅಗಲ ಸೊಂಟಕ್ಕಿಂತ ಸ್ವಲ್ಪ ಹೆಚ್ಚು. ಆ ನೀರಿಗೆ ಬಿದ್ದರೆ ಬದುಕುಳಿಯುವುದು ಕಷ್ಟ. ಅದಕ್ಕೇ ಮಗುಚಿದ ದೋಣಿಯಿಂದ ಹೊರಬರದೆ, ಕುಳಿತಲ್ಲೇ ಹುಟ್ಟಿನ ಬೀಸಿನಿಂದ ಮತ್ತೆ ಮೇಲೇಳುವ ವಿದ್ಯೆಯನ್ನು ಅವರು ಪಳಗಿಸಿಕೊಂಡರು. ಈಗ ಅದನ್ನು ರೋಲ್ ಎನ್ನುತ್ತಾರೆ. ಯುರೋಪಿನವರಿಗೆ ಆ ವಿದ್ಯೆ ಬಂದದ್ದು ತೀರ ತಡವಾಗಿ. ಆಸ್ಟ್ರಿಯಾದ ಹಾನ್ಸ್ ಎಡುವರ್ಡ್ ಪಾವ್ಲಾಟಾ 1927ರಲ್ಲಿ ಬರಹಗಳನ್ನು ಓದಿಯೇ ಅದನ್ನು ಕಲಿತ. ಮೋಜಿಗಾಗಿ ಹುಟ್ಟು ಹಾಕುವ ಗೀಳನ್ನು ಹಬ್ಬಿಸಿದವನು ಅದಕ್ಕೂ ಹಿಂದಿನ ಜಾನ್ ಮೆಕ್‌ಗ್ರೆಗರ್. ಈ ಸ್ಕಾಟಿಷ್ ವಕೀಲ 1865ರಲ್ಲಿ ‘ರಾಬ್ ರಾಯ್’ ಎಂಬ ಪುಟ್ಟ ದೋಣಿಯಲ್ಲಿ ಯುರೋಪಿನ ನದಿ ಸರೋವರಗಳನ್ನು ಸುತ್ತಿ ಬಂದು ಬರೆದ ಪುಸ್ತಕ ಮನೆಮಾತಾಯಿತು.

ಈ ಇತಿಹಾಸದಲ್ಲಿ ನನ್ನನ್ನು ಬಹಳ ಕಾಡುವವನು ಜರ್ಮನಿಯ ಆಸ್ಕರ್ ಸ್ಪೆಕ್. ಕೆಲಸ ಕಳೆದುಕೊಂಡಿದ್ದ ಆತ 1932ರಲ್ಲಿ ಉಲ್ಮ್ ನಗರದಲ್ಲಿ ಡ್ಯಾನ್ಯೂಬ್ ನದಿಗೆ ಮಡಚುವ ಕಯಾಕ್ ಇಳಿಸಿದ. ಸೈಪ್ರಸ್‌ಗೆ ಹೋಗಿ ತಾಮ್ರದ ಗಣಿಯಲ್ಲಿ ಕೆಲಸ ಹುಡುಕುವುದು ಅವನ ಎಣಿಕೆ. ಸೈಪ್ರಸ್ ಮುಟ್ಟಿದವನು ಅಲ್ಲಿ ನಿಲ್ಲಲಿಲ್ಲ. ಯೂಫ್ರೆಟಿಸ್ ಇಳಿದು, ಪರ್ಷಿಯಾ ಕೊಲ್ಲಿ ದಾಟಿ, ಭಾರತದ ಪಶ್ಚಿಮ ಕರಾವಳಿಯ ಗುಂಟ ಹುಟ್ಟು ಹಾಕುತ್ತ 1935ರಲ್ಲಿ ಸಿಂಹಳ ತಲುಪಿದ. ಅಲ್ಲಿಂದ ಬಂಗಾಳ ಕೊಲ್ಲಿಯ ಅಂಚು, ಬರ್ಮಾ, ಇಂಡೊನೇಷ್ಯಾದ ದ್ವೀಪಗಳನ್ನು ಹಾದು 1939ರಲ್ಲಿ ಆಸ್ಟ್ರೇಲಿಯಾದ ಉತ್ತರದ ಒಂದು ದ್ವೀಪಕ್ಕೆ ಬಂದ. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಶುರುವಾಗಿತ್ತು. ಶತ್ರು ದೇಶದವನೆಂದು ಬಂಧಿಸಿ ಯುದ್ಧ ಮುಗಿಯುವವರೆಗೂ ಸೆರೆಯಲ್ಲಿಟ್ಟರು. ಸುಮಾರು 50,000 ಕಿಲೋಮೀಟರಿನ ಆ ಪಯಣದಲ್ಲಿ ನಮ್ಮ ಕರಾವಳಿಯ ಕಡಲೂ ಅವನ ದಾರಿಗೆ ಸಿಕ್ಕಿತ್ತು. ಅಷ್ಟೊಂದು ದೂರ ಅವನನ್ನು ಒಯ್ದದ್ದು ಮರದ ಕಡ್ಡಿಗಳ ಮೇಲೆ ರಬ್ಬರು ಬಟ್ಟೆ ಹೊದಿಸಿದ ದೋಣಿ, ಒಂದು ಪುಟ್ಟ ಹಾಯಿ, ಮತ್ತು ಗಾಳಿ ಯಾವಾಗ ತಿರುಗುತ್ತದೆಂದು ಕಾಯುವ ತಾಳ್ಮೆ.

ಈಗಿನ ದೋಣಿಗಳ ಮಾತು. ಕಲಿಯುವವರಿಗೆ ಸಿಗುವುದು ಸಾಮಾನ್ಯವಾಗಿ ಮೇಲೆ ಕೂರುವ ಬಗೆಯ ಪ್ಲಾಸ್ಟಿಕ್ ಕಯಾಕ್. ಒಳಗೆ ಪೊಳ್ಳು, ಸುಲಭಕ್ಕೆ ಮುಳುಗುವುದಿಲ್ಲ, ಮೈಯಲ್ಲಿರುವ ತೂತುಗಳಿಂದ ನೀರು ತಾನೇ ಇಳಿದುಹೋಗುತ್ತದೆ. ಮಗುಚಿದರೆ ನೀವು ನೀರಿಗೆ ಜಾರುತ್ತೀರಿ, ಸಿಕ್ಕಿಕೊಳ್ಳುವುದಿಲ್ಲ. ನಮ್ಮ ಬಿಸಿಲಿಗೂ ಬೆಚ್ಚಗಿನ ನೀರಿಗೂ ಇದೇ ಸರಿ. ಒಳಗೆ ಕೂರುವ ಕಯಾಕ್ ಕಡಲ ದೂರಯಾನಕ್ಕೂ ನೊರೆನೀರಿಗೂ ಬೇಕು, ಆದರೆ ಅದರಿಂದ ನೀರಿನಡಿ ಹೊರಬರುವುದನ್ನು ಕಲಿಯದೆ ಅದರಲ್ಲಿ ಕೂರಬಾರದು. ಉದ್ದ ದೋಣಿ ನೇರ ಹೋಗುತ್ತದೆ, ವೇಗವೂ ಹೆಚ್ಚು. ಮೊಟಕು ದೋಣಿ ಬೇಗ ತಿರುಗುತ್ತದೆ. ಕಡಲ ಕಯಾಕ್ ಐದು ಮೀಟರ್ ಇದ್ದರೆ ನೊರೆನೀರಿನದು ಅದರ ಅರ್ಧ. ಅಗಲವಾದ, ತಳ ಚಪ್ಪಟೆಯಾದ ದೋಣಿ ಕೂತ ಕೂಡಲೇ ಭದ್ರ ಅನ್ನಿಸುತ್ತದೆ. ಅಲೆ ಬಂದಾಗ ಅದು ನೀರಿನ ಜೊತೆಗೇ ವಾಲಿ ಒಮ್ಮೆಲೇ ಮಗುಚಬಲ್ಲದು. ಕಿರಿದಾದದ್ದು ಮೊದಲು ಅಲುಗಾಡಿ ಹೆದರಿಸುತ್ತದೆ, ಪಳಗಿದ ಸೊಂಟಕ್ಕೆ ಅದೇ ಹೆಚ್ಚು ನಂಬಿಕಸ್ತ.

ಒಂದನ್ನು ಗಟ್ಟಿಯಾಗಿ ಹೇಳುತ್ತೇನೆ: ಮೊದಲ ವರ್ಷ ದೋಣಿ ಕೊಳ್ಳಬೇಡಿ. ಸಾಧಾರಣ ಕಯಾಕ್‌ಗೂ ಹತ್ತಾರು ಸಾವಿರ ರೂಪಾಯಿ ಬೇಕು, ತೂಕ ಇಪ್ಪತ್ತೈದು ಕಿಲೋ ಆಸುಪಾಸು. ಅದನ್ನಿಡಲು ನೆರಳಿನ ಜಾಗ, ಒಯ್ಯಲು ಕಾರಿನ ಮಾಡಿನ ಮೇಲೆ ಕಟ್ಟುವ ವ್ಯವಸ್ಥೆ ಬೇಕು. ಆ ಹಣದ ಒಂದಂಶದಲ್ಲಿ ಬಾಡಿಗೆ ದೋಣಿಯಲ್ಲಿ ಬೇರೆ ಬೇರೆ ನದಿ ನೋಡಬಹುದು, ಯಾವ ಬಗೆಯ ದೋಣಿ ನಿಮ್ಮ ಮೈಗೆ ಹೊಂದುತ್ತದೆಂದು ತಿಳಿಯಬಹುದು. ಮೊದಲು ನಿಮ್ಮದೇ ಆಗಬೇಕಾದದ್ದು ಒಂದು ಒಳ್ಳೆಯ ಲೈಫ್ ಜಾಕೆಟ್. ತೂಕಕ್ಕೆ ತಕ್ಕ ಅಳತೆಯದನ್ನು ತೊಟ್ಟು, ಪಟ್ಟಿಗಳನ್ನೆಲ್ಲ ಬಿಗಿದು, ಬೇರೆಯವರಿಗೆ ಹೆಗಲ ಬಳಿ ಹಿಡಿದು ಮೇಲಕ್ಕೆಳೆಯಲು ಹೇಳಿ. ಕಿವಿಯವರೆಗೆ ಏರಿ ಬಂದರೆ ಅದು ನಿಮ್ಮದಲ್ಲ. ಎದೆಯ ಬಳಿ ಒಂದು ಸೀಟಿ ಕಟ್ಟಿಕೊಳ್ಳಿ. ನೀರಿನ ಮೇಲೆ ಕೂಗು ಗಾಳಿಗೆ ಹೋಗುತ್ತದೆ, ಸೀಟಿ ಕೇಳುತ್ತದೆ.

ಹುಟ್ಟು ಹಾಕುವುದರಲ್ಲಿ ಹೊಸಬರೆಲ್ಲ ಮಾಡುವುದು ತೋಳಿನಿಂದ ಎಳೆಯುವುದು. ಹತ್ತು ನಿಮಿಷಕ್ಕೆ ಭುಜ ಸೋಲುತ್ತದೆ, ನಾಳೆ ಕೈ ಎತ್ತಲಾಗುವುದಿಲ್ಲ. ಬಲ ಬರಬೇಕಾದದ್ದು ಸೊಂಟದಿಂದ. ಅಜ್ಜಿ ಕಂಬಕ್ಕೆ ಕಡಗೋಲು ಕಟ್ಟಿ ಮೊಸರು ಕಡೆಯುತ್ತಿದ್ದುದನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ: ಒಂದು ಕೈ ಹಿಂದೆ ಬರುವಾಗ ಇನ್ನೊಂದು ಮುಂದೆ ಹೋಗುತ್ತದೆ, ಮೈ ಆಚೀಚೆ ತಿರುಗುತ್ತದೆ, ಭುಜ ಬಿಗಿಯುವುದೇ ಇಲ್ಲ. ಅಲಗನ್ನು ಕಾಲ್ಬೆರಳಿನ ನೇರಕ್ಕೆ ನೀರಿಗೆ ಇಳಿಸಿ, ಪೂರ್ತಿ ಮುಳುಗಿದ ಮೇಲೆ ಮೈ ತಿರುಗಿಸಿ, ಸೊಂಟದ ಬಳಿ ಬಂದಾಗ ತೆಗೆಯಿರಿ. ಅದಕ್ಕಿಂತ ಹಿಂದಕ್ಕೆ ಎಳೆದರೆ ದೋಣಿ ಅಡ್ಡ ತಿರುಗುತ್ತದೆಯೇ ಹೊರತು ಮುಂದೆ ಹೋಗುವುದಿಲ್ಲ. ಎಳೆಯುವ ಬದಿಯ ಕಾಲಿನಿಂದ ದೋಣಿಯ ಮೆಟ್ಟನ್ನು ಒತ್ತಿ. ಹಿಡಿತ ಸಡಿಲವಿರಲಿ, ಬಿಗಿಯಾಗಿ ಹಿಡಿದರೆ ಅಂಗೈ ಗುಳ್ಳೆಯೇಳುತ್ತದೆ, ಮಣಿಕಟ್ಟು ಊದಿಕೊಳ್ಳುತ್ತದೆ. ತಿರುಗಬೇಕಾದಾಗ ಮೂತಿಯಿಂದ ಬಾಲದವರೆಗೆ ಅಗಲವಾಗಿ ಕಮಾನು ಬೀಸಿ. ಕುಳಿತ ಭಂಗಿ ನೆಟ್ಟಗಿರಬೇಕು. ಬೆನ್ನನ್ನು ಹಿಂದಿನ ಪಟ್ಟಿಗೆ ಒರಗಿಸಿ ಕೂತವರಿಗೆ ಸೊಂಟ ತಿರುಗುವುದೇ ಇಲ್ಲ.

ಇನ್ನು ಬೀಳುವುದು. ಇದನ್ನು ಹೇಳದೆ ಬರೆದ ಕಯಾಕ್ ಲೇಖನ ಅರೆಬರೆ ಎಂದೇ ನನ್ನ ಭಾವನೆ. ನಮ್ಮಲ್ಲಿ ನೀರಿಗೆ ಬೀಳದ ಹಾಗೆ ನೋಡಿಕೊಳ್ಳುವುದನ್ನೇ ಸುರಕ್ಷತೆ ಅಂದುಕೊಂಡಿದ್ದೇವೆ. ಬಿದ್ದವರು ಮರಳಿ ದೋಣಿ ಏರಬಲ್ಲರೇ ಎಂಬುದು ಅಸಲು ಪ್ರಶ್ನೆ. ಎದೆಮಟ್ಟದ ನೀರಿನಲ್ಲಿ, ಪಕ್ಕದಲ್ಲಿ ಬಲ್ಲವರು ನಿಂತಿರುವಾಗ, ಬೇಕೆಂದೇ ಮಗುಚಿಕೊಳ್ಳಿ. ಮೊದಲ ಕೆಲಸ ದೋಣಿಯನ್ನು ಬಿಡದಿರುವುದು. ಖಾಲಿ ಕಯಾಕ್ ಗಾಳಿಗೆ ನೀವು ಈಜುವುದಕ್ಕಿಂತ ವೇಗವಾಗಿ ತೇಲಿಹೋಗುತ್ತದೆ. ಎರಡನೆಯದು ಹುಟ್ಟನ್ನು ಹಿಡಿದುಕೊಳ್ಳುವುದು. ಆಮೇಲೆ ದೋಣಿಯ ನಡುವಿಗೆ ಬಂದು, ಕೆಳಗಿನಿಂದ ಕೈ ಚಾಚಿ ಆಚೆ ಅಂಚನ್ನು ಹಿಡಿದು ಮಗುಚಿ ನೇರ ಮಾಡಿ. ಈಗ ಕಾಲುಗಳನ್ನು ನೀರಿನ ಮೇಲ್ಮಟ್ಟಕ್ಕೆ ತಂದು ಜೋರಾಗಿ ಬಡಿಯುತ್ತ ಹೊಟ್ಟೆಯನ್ನು ದೋಣಿಯ ಅಡ್ಡಕ್ಕೆ ಎಳೆದುಕೊಳ್ಳಿ. ಒಂದು ಗಳಿಗೆ ಹಾಗೇ ಮಲಗಿ ಉಸಿರು ತೆಗೆದುಕೊಳ್ಳಿ. ಮಗ್ಗುಲು ಹೊರಳಿ ಕೂತುಕೊಳ್ಳಿ, ಕೊನೆಗೆ ಕಾಲು ಒಳಗೆ ತನ್ನಿ. ಹೊಟ್ಟೆ, ಮಗ್ಗುಲು, ಕಾಲು: ಈ ಕ್ರಮ ತಪ್ಪಿಸಿ ಮಂಡಿ ಹಾಕಿ ಹತ್ತಹೋದರೆ ದೋಣಿ ಮತ್ತೆ ಮೇಲೆ ಬೀಳುತ್ತದೆ.

ಎದೆಮಟ್ಟದಲ್ಲಿ ಬಂದದ್ದು ಆಳದಲ್ಲೂ ಬರಬೇಕು. ಅಲ್ಲಿ ನೆಲ ಕಾಲಿಗೆ ತಾಗದು. ದಣಿದಾಗಲೂ ಬರಬೇಕು, ಏಕೆಂದರೆ ಬೀಳುವುದು ಹೆಚ್ಚಾಗಿ ದಣಿದಾಗಲೇ. ಜೊತೆಗಾರರ ದೋಣಿಯನ್ನು ಆನಿಸಿಕೊಂಡು ಏರುವುದನ್ನೂ, ಏರುವವರಿಗೆ ದೋಣಿ ಹಿಡಿದುಕೊಡುವುದನ್ನೂ ಕಲಿಯಬೇಕು. ಒಬ್ಬರೇ ಹೋಗುವುದು ಪಳಗಿದವರಿಗೂ ತರವಲ್ಲ. ಈಜು ಬಾರದವರೂ ಲೈಫ್ ಜಾಕೆಟ್ ತೊಟ್ಟು, ಮಾರ್ಗದರ್ಶಕರ ಜೊತೆ ಶಾಂತ ನೀರಿನಲ್ಲಿ ಹುಟ್ಟು ಹಾಕಬಹುದು. ಆದರೆ ಇದು ಹವ್ಯಾಸವಾಗಬೇಕಾದರೆ ಈಜು ಕಲಿಯಲೇಬೇಕು.

ಗಾಳಿಯ ವಿಷಯದಲ್ಲಿ ನಮ್ಮ ಕರಾವಳಿಗೆ ಒಂದು ವಿಶೇಷ ಎಚ್ಚರ ಬೇಕು. ಚಳಿಗಾಲದ ಬೆಳಗಿನಲ್ಲಿ ನೆಲದ ಗಾಳಿ ಮೂಡಣದಿಂದ ಕಡಲಿನ ಕಡೆಗೆ ಬೀಸುತ್ತದೆ. ದಡಕ್ಕೆ ಹತ್ತಿರ ನೀರು ಕನ್ನಡಿಯಂತೆ ಕಾಣುತ್ತದೆ, ಎಲ್ಲ ಸುರಕ್ಷಿತ ಅನ್ನಿಸುತ್ತದೆ. ಅದೇ ಹೊತ್ತಿಗೆ ಇಳಿತವೂ ಕೂಡಿದರೆ ಗಾಳಿ, ನೀರು ಎರಡೂ ನಿಮ್ಮನ್ನು ಅಳಿವೆ ಬಾಗಿಲಿನ ಕಡೆಗೇ ಒಯ್ಯುತ್ತವೆ. ಹೋಗುವಾಗ ಸುಖ, ಹಿಂದಿರುಗುವಾಗ ಎರಡನ್ನೂ ಎದುರಿಸಬೇಕು. ಅದಕ್ಕೇ ದಂಡೆಯಲ್ಲಿ ಬಲೆ ಹೆಣೆಯುತ್ತ ಕೂತ ಹಿರಿಯರು ‘ಇಳಿತ ಶುರುವಾಯ್ತು ಮಾರಾಯ್ರೆ, ಬಾಗಿಲ ಬದಿಗೆ ಹೋಗ್ಬೇಡಿ’ ಎಂದರೆ ಆ ಮಾತನ್ನು ಹವಾಮಾನ ವರದಿಗಿಂತ ಮೇಲೆಂದು ತಿಳಿಯಿರಿ. ಮಧ್ಯಾಹ್ನದ ಹೊತ್ತಿಗೆ ಗಾಳಿ ತಿರುಗಿ ಕಡಲಿನಿಂದ ಬೀಸತೊಡಗುತ್ತದೆ. ಇಳಿಯುವ ನೀರಿಗೆ ಎದುರಾಗಿ ಗಾಳಿ ಬಂದಾಗ ನದಿಯಲ್ಲೂ ಮೊನಚಾದ ಅಲೆಗಳೇಳುತ್ತವೆ. ಒಳ್ಳೆಯ ಯೋಜನೆಯೆಂದರೆ ಬೆಳಗಿನ ಭರತದ ಜೊತೆ ನದಿಯ ಮೇಲ್ಮುಖವಾಗಿ ಹೋಗಿ, ನೀರು ನಿಂತಾಗ ದಡದಲ್ಲಿ ಬುತ್ತಿ ಬಿಚ್ಚಿ, ಇಳಿತ ಶುರುವಾದ ಮೇಲೆ ಅದರ ಜೊತೆಗೇ ಹಿಂದಿರುಗುವುದು. ಇಳಿಯುವ ಕಡವು ಅಳಿವೆ ಬಾಗಿಲಿನಿಂದ ಬಹಳ ಒಳಗಿರಬೇಕು.

ಕರಾವಳಿಯ ನದಿಗಳಿಗೆ ಕಟ್ಟಿರುವ ಕಿಂಡಿ ಅಣೆಕಟ್ಟುಗಳ ಬಗ್ಗೆಯೂ ತಿಳಿದಿರಬೇಕು. ಮಳೆಗಾಲ ಮುಗಿದ ಮೇಲೆ ಹಲಗೆ ಹಾಕಿ ಸಿಹಿನೀರನ್ನು ತಡೆಯುತ್ತಾರೆ, ಕೆಳಗಿನ ಉಪ್ಪುನೀರು ಗದ್ದೆಗೆ ಬಾರದಂತೆ ನೋಡಿಕೊಳ್ಳುತ್ತಾರೆ. ಹಲಗೆಯ ಮೇಲಿಂದ ಧುಮುಕುವ ನೀರು ಕೆಳಗೆ ಸುಳಿಯಾಗಿ ಹಿಂದಕ್ಕೇ ಹೊರಳುತ್ತದೆ. ನೋಡಲು ಆಳೆತ್ತರದ ಜಲಪಾತ. ಸಿಕ್ಕಿಕೊಂಡವರನ್ನು ಲೈಫ್ ಜಾಕೆಟ್ ಇದ್ದರೂ ಬಿಡದೆ ತಿರುಗಿಸುತ್ತದೆ. ಮೇಲಿನಿಂದಲೂ ಕೆಳಗಿನಿಂದಲೂ ದೂರವಿರಿ, ದಾಟಬೇಕಾದರೆ ದೋಣಿ ಹೊತ್ತುಕೊಂಡು ದಡದ ಮೇಲೆ ನಡೆಯಿರಿ. ದಾಂಡೇಲಿಯ ಸುತ್ತಿನ ಕಾಳಿಯಲ್ಲಿ ಮೊಸಳೆಗಳಿವೆ. ಅಲ್ಲಿ, ಗಣೇಶಗುಡಿಯ ನೊರೆನೀರಿನಲ್ಲಿ ಕೂಡ, ಸ್ಥಳೀಯ ಮಾರ್ಗದರ್ಶಕರು ಹೇಳಿದ ಭಾಗದಲ್ಲಿ ಮಾತ್ರ ಇಳಿಯಬೇಕು. ಸೂಪಾ ಅಣೆಕಟ್ಟಿನ ವಿದ್ಯುದಾಗಾರ ನೀರು ಬಿಟ್ಟಂತೆ ಅಲ್ಲಿನ ನದಿಯ ಮಟ್ಟ ಏರಿಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ನದಿಗಳನ್ನು ಅವುಗಳ ಪಾಡಿಗೆ ಬಿಡಿ. ನವೆಂಬರಿನಿಂದ ಫೆಬ್ರವರಿ ಕಲಿಕೆಯ ಕಾಲ.

ಇಷ್ಟೆಲ್ಲ ಎಚ್ಚರ ವಹಿಸಿ ನೀರಿಗಿಳಿದವರಿಗೆ ದೊರೆಯುವುದಾದರೂ ಏನು? ಎಂಜಿನ್ ಇಲ್ಲದ, ಅಂಗೈ ಆಳದ ನೀರಿನಲ್ಲೂ ಸಾಗುವ ದೋಣಿ ನಿಮ್ಮನ್ನು ಬೇರೆ ಯಾವ ವಾಹನವೂ ಒಯ್ಯದ ಕಡೆಗೆ ಒಯ್ಯುತ್ತದೆ. ಭರತ ಏರಿದಾಗ ಕಾಂಡ್ಲಾ ಮರಗಳ ಕಮಾನು ಬೇರುಗಳ ನಡುವಿನ ಸಣ್ಣ ಕಾಲುವೆಗಳು ತೆರೆದುಕೊಳ್ಳುತ್ತವೆ. ಇಳಿತದಲ್ಲಿ ಅಲ್ಲೇ ಕೆಸರು ಮೇಲೆದ್ದು, ಅದರ ಮೇಲೆ ಒಂದೇ ಕೈ ದೊಡ್ಡದಾದ ಏಡಿಗಳೂ, ಎದೆಯ ರೆಕ್ಕೆಯೂರಿ ಕೆಸರಿನಲ್ಲಿ ಜಿಗಿಯುವ ಮೀನುಗಳೂ ಹೊರಬರುತ್ತವೆ. ಮಿಂಚುಳ್ಳಿ, ಬೆಳ್ಳಕ್ಕಿ, ಮೇಲೆ ಸುತ್ತುವ ಗರುಡ ದಿನವೂ ಕಾಣುವವು. ಅದೃಷ್ಟವಿದ್ದರೆ ನೀರುನಾಯಿಗಳ ಗುಂಪು. ನಾನು ಎಲ್ಲಕ್ಕಿಂತ ಹೆಚ್ಚು ಪ್ರೀತಿಸುವುದು ಕುಮಟಾ ಸೀಮೆಯ ಅಘನಾಶಿನಿ ಅಳಿವೆಯನ್ನು. ಅಣೆಕಟ್ಟಿಲ್ಲದೆ ಕಡಲು ಸೇರುವ ನದಿ ಅದು. 2024ರ ಜನವರಿಯಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ, ಅಂದರೆ ರಾಮ್ಸರ್ ತಾಣಗಳ, ಪಟ್ಟಿಗೆ ಸೇರಿತು. ಇಳಿತದ ಹೊತ್ತಿಗೆ ಹೆಂಗಸರೂ ಗಂಡಸರೂ ನೀರಿಗಿಳಿದು ಚಿಪ್ಪಿ ಹೆಕ್ಕುತ್ತಾರೆ. ಅಂಚಿನ ಗಜನಿ ಗದ್ದೆಗಳಲ್ಲಿ ಉಪ್ಪನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತದೆ, ಕೊಯ್ಲಾದ ಮೇಲೆ ಅದೇ ಗದ್ದೆಗೆ ಮೀನು ಸಿಗಡಿ ಬರುತ್ತವೆ. ಭತ್ತ, ಮೀನು, ಚಿಪ್ಪಿ, ಕಾಂಡ್ಲಾ ಎಲ್ಲವೂ ಒಂದೇ ಭರತ ಇಳಿತಕ್ಕೆ ಹೆಣೆದುಕೊಂಡಿರುವುದನ್ನು ರಸ್ತೆಯ ಸೇತುವೆಯ ಮೇಲೆ ನಿಂತು ನೋಡಿದರೆ ತಿಳಿಯದು. ನೀರಿನ ಮಟ್ಟದಲ್ಲಿ ಕೂತಾಗ ತಿಳಿಯುತ್ತದೆ.

ಅದು ಮೀನು ಹಿಡಿಯುವವರ, ಚಿಪ್ಪಿ ಹೆಕ್ಕುವವರ ಅನ್ನದ ನೀರು ಎಂಬುದನ್ನು ಮಾತ್ರ ಮರೆಯಬಾರದು. ತೇಲುವ ಬೆಂಡಿನ ಸಾಲು ಕಂಡರೆ ಅಡಿಯಲ್ಲಿ ಬಲೆಯಿದೆ ಎಂದರ್ಥ, ಬಳಸಿಕೊಂಡು ಹೋಗಿ. ಬಲೆ ಬಿಡುತ್ತಿರುವ ಪಾತಿಯ ಎದುರು ಹಾಯಬೇಡಿ. ಚಿಪ್ಪಿ ಹೆಕ್ಕುವವರ ಫೋಟೊವನ್ನು ಕೇಳದೆ ತೆಗೆಯಬೇಡಿ. ಹಕ್ಕಿ ಗೂಡು ಕಟ್ಟಿದ ಕುದುರಿಗೆ ಇಳಿಯಬೇಡಿ.

ಕರಾವಳಿಯಿಂದ ದೂರದವರಿಗೂ ದಾರಿಯಿದೆ. ಸಾಗರದ ಬಳಿ ಲಿಂಗನಮಕ್ಕಿ ಹಿನ್ನೀರಿನ ಹೊನ್ನೆಮರಡುವಿನಲ್ಲಿ ಕೆನೋ, ಕಯಾಕ್ ಎರಡನ್ನೂ ದಶಕಗಳಿಂದ ಕಲಿಸುತ್ತ ಬಂದಿದ್ದಾರೆ. ಅಲ್ಲಿ ಭರತ ಇಳಿತವಿಲ್ಲ, ಆದರೆ ಮುಳುಗಡೆಯ ಕಾಡಿನ ಮರದ ಬೊಡ್ಡೆಗಳು ಬೇಸಿಗೆಯಲ್ಲಿ ನೀರಿನ ಮಟ್ಟಕ್ಕೆ ಬರುತ್ತವೆ. ವಿಶಾಲ ನೀರಿನ ಮೇಲೆ ಮಧ್ಯಾಹ್ನದ ಗಾಳಿಗೆ ಅಡ್ಡಿಯಿಲ್ಲ. ಕಾವೇರಿ ತೀರದ ಭೀಮೇಶ್ವರಿಯಲ್ಲೂ ಕಯಾಕ್ ಸಿಗುತ್ತದೆ. ಜಲಾಶಯಕ್ಕೂ ಅಭಯಾರಣ್ಯದ ನದಿಗೂ ಸಂಬಂಧಪಟ್ಟ ಇಲಾಖೆಯ ಅನುಮತಿಯಿಲ್ಲದೆ ಸ್ವಂತ ದೋಣಿ ಇಳಿಸುವಂತಿಲ್ಲ.

ವಯಸ್ಸಾಯಿತು, ಕಾಲುನೋವು ಎನ್ನುವವರು ಪ್ರಾಚಿ ಯಾದವ್ ಬಗ್ಗೆ ತಿಳಿಯಬೇಕು. ಸೊಂಟದಿಂದ ಕೆಳಗೆ ಬಲವಿಲ್ಲದ ಗ್ವಾಲಿಯರಿನ ಈ ಹೆಣ್ಣುಮಗಳು ಭೋಪಾಲದ ಕೆರೆಯಲ್ಲಿ ಹುಟ್ಟು ಹಾಕಿ ಪಳಗಿ, ಟೋಕಿಯೋ ಪ್ಯಾರಾಲಿಂಪಿಕ್ಸ್‌ನ ಕೆನೋ ಫೈನಲ್ ತಲುಪಿದರು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಕಯಾಕ್‌ನಲ್ಲಿ ಚಿನ್ನ, ಕೆನೋದಲ್ಲಿ ಬೆಳ್ಳಿ ಗೆದ್ದರು. ಓಡಲಾಗದವರಿಗೂ, ಬೆಟ್ಟ ಹತ್ತಲಾಗದವರಿಗೂ ನೀರು ಬೇರೆಯೇ ನ್ಯಾಯ ಕೊಡುತ್ತದೆ. ಭುಜ ಅಥವಾ ಬೆನ್ನಿನ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳಿ ಹೋಗುವುದು ಒಳಿತು. ಗಾಯವಿದ್ದರೆ ನದಿಗಿಳಿಯಬೇಡಿ, ಇಲಿಜ್ವರದ ಸೋಂಕು ತಗಲುವುದು ಹಾಗೆಯೇ.

ಈ ನವೆಂಬರಿನಲ್ಲಿ ಯಾವುದಾದರೂ ಅಳಿವೆಗೆ ಹೋಗಿ, ಹುಟ್ಟು ಕೈಗೆತ್ತಿಕೊಳ್ಳಿ. ಹಣ ಕೊಡುವ ಮೊದಲು ಎರಡು ಪ್ರಶ್ನೆ ಕೇಳಿ: ಇವತ್ತು ಭರತ ಎಷ್ಟು ಗಂಟೆಗೆ? ನೀರಿಗೆ ಬಿದ್ದರೆ ಮತ್ತೆ ಏರುವುದನ್ನು ಮೊದಲು ಕಲಿಸುತ್ತೀರಾ? ಎರಡಕ್ಕೂ ತಡವರಿಸದೆ ಉತ್ತರ ಕೊಡುವವರ ಬಳಿ ಕಲಿಯಿರಿ. ಕೊಡದವರಲ್ಲಿಗೆ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ.